ಬ್ಯಾಟರಿ ಕೆಟ್ಟರೆ ಯಂತ್ರವನ್ನೇ ಬಿಡುವುದು ಯಾವ ತ್ಯಾಗ?

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗ, ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ. ಆ ಎರಡು ದಿನಗಳ ವ್ಯಾಖ್ಯಾನವನ್ನು ಕೇಳಿ ತಲೆದೂಗದ ಶ್ರಾವಕನಿಲ್ಲ. ಪರ್ವ ಮುಗಿದ ಕೆಲವೇ ದಿನಗಳಲ್ಲಿ ಅದೇ ಬಸದಿಯ ಕಚೇರಿಯಲ್ಲಿ 6 ವರ್ಷದ ಲ್ಯಾಪ್‌ಟಾಪೊಂದು, ಕರೆಂಟು ಹೋದೊಡನೆ ಆರಿಹೋಗುತ್ತದೆಂಬ ಒಂದೇ ಕಾರಣಕ್ಕೆ ಮೂಲೆ ಸೇರುತ್ತದೆ. ಆಡಳಿತ ಮಂಡಳಿಯು ಹೊಸದಕ್ಕೆ 50,000 ರೂಪಾಯಿ ಮಂಜೂರು ಮಾಡುತ್ತದೆ. ಅಭಿಷೇಕದ ಹಾಲಿನ ಲೆಕ್ಕಕ್ಕೆ ಅರ್ಧ ಗಂಟೆ ವಾದಿಸುವ ಮಂಡಳಿಗೆ ಈ ವಿಷಯಕ್ಕೆ ಐದು ನಿಮಿಷವೂ ಬೇಕಾಗುವುದಿಲ್ಲ.

ಕೆಟ್ಟಿದ್ದು ಯಂತ್ರವಲ್ಲ, ಅದರೊಳಗಿನ ಬ್ಯಾಟರಿ. 1991ರಲ್ಲಿ ಸೋನಿ ಕಂಪನಿಯು ಮಾರುಕಟ್ಟೆಗೆ ತಂದ, 2019ರಲ್ಲಿ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಲಿಥಿಯಂ-ಅಯಾನ್ ಬ್ಯಾಟರಿಯು ಸ್ವಭಾವತಃ ಸವೆಯುವ ವಸ್ತು. ಸುಮಾರು 300ರಿಂದ 500 ಬಾರಿ ಪೂರ್ತಿ ತುಂಬಿ ಬರಿದಾಗುವಷ್ಟರಲ್ಲಿ ಅದರ ಶಕ್ತಿ ಶೇಕಡಾ 80ಕ್ಕೆ ಇಳಿಯುವುದು ಸಾಮಾನ್ಯ. ಉತ್ತಮ ದರ್ಜೆಯವು 1,000 ಬಾರಿ ತಾಳುತ್ತವೆ. ಶಾಖವೂ, ಸದಾ ಶೇಕಡಾ 100 ತುಂಬಿದ ಸ್ಥಿತಿಯೂ ಅದರ ಶತ್ರುಗಳು. ಬಸದಿಗಳ ಕಚೇರಿಯಲ್ಲಿ ನಡೆಯುವುದೇ ಇದು: ಬೆಳಗಿನಿಂದ ರಾತ್ರಿಯವರೆಗೆ ಚಾರ್ಜರ್ ಚುಚ್ಚಿಯೇ ಇರುತ್ತದೆ, ಯಂತ್ರದ ಕೆಳಗೆ ಮೇಜಿನ ಬಟ್ಟೆ, ಪಕ್ಕದಲ್ಲಿ ರಸೀದಿ ಪುಸ್ತಕಗಳ ರಾಶಿ. ಹಲವು ಯಂತ್ರಗಳಲ್ಲಿ ಚಾರ್ಜನ್ನು 60ಕ್ಕೋ 80ಕ್ಕೋ ನಿಲ್ಲಿಸುವ ವ್ಯವಸ್ಥೆಯಿದೆ. ಅದನ್ನು ಒಮ್ಮೆ ಹೊಂದಿಸಿಟ್ಟ ಗುಮಾಸ್ತರು ವಿರಳ.

ಬ್ಯಾಟರಿಯೇ ದೋಷಿಯೆಂದು ತಿಳಿಯುವುದೂ ಕಷ್ಟವಲ್ಲ. ವಿಂಡೋಸ್ ಇರುವ ಯಂತ್ರವು ಒಂದು ಸಾಲಿನ ಆಜ್ಞೆಗೆ ತಾನೇ ವರದಿ ಕೊಡುತ್ತದೆ: ತಯಾರಾದಾಗ ಬ್ಯಾಟರಿಯ ಸಾಮರ್ಥ್ಯವೆಷ್ಟು, ಈಗ ತುಂಬುವುದೆಷ್ಟು. ಈ ಎರಡು ಅಂಕಿಗಳನ್ನು ನೋಡದೆ ಹೊಸ ಯಂತ್ರ ಕೊಳ್ಳುವುದು, ಖಾತೆ ಪುಸ್ತಕವನ್ನು ತೆರೆಯದೆ ಅಂಗಡಿಯನ್ನು ಮುಚ್ಚಿದಂತೆ. ಬಹುತೇಕ ಲ್ಯಾಪ್‌ಟಾಪುಗಳಲ್ಲಿ ತಳದ ತಿರುಪುಗಳನ್ನು ಬಿಚ್ಚಿ, ಸಂಪರ್ಕದ ತಂತಿಯನ್ನು ಕಳಚಿ, ಅದೇ ಭಾಗಸಂಖ್ಯೆಯ, ಅದೇ ವೋಲ್ಟೇಜಿನ ಹೊಸ ಬ್ಯಾಟರಿಯನ್ನು ಕೂರಿಸುವುದು ಬಲ್ಲವನಿಗೆ ಅರ್ಧ ಗಂಟೆಯ ಕೆಲಸ. ಖರ್ಚು ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಅಂಶ.

ಇಲ್ಲಿ ಕೆಲವರು, ಇದರಲ್ಲಿ ಧರ್ಮದ ಮಾತೇನು ಎನ್ನುತ್ತಾರೆ. ಧರ್ಮದ ಮಾತೇ ಇದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸಿದೆ: ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಬೆಂಕಿ ಹೊತ್ತಿಸುವುದು, ಸಸ್ಯಗಳನ್ನು ಕಡಿಯುವುದು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ ಹಿಂಸೆಗಳು ಪೂರ್ತಿಯಾಗಿ ತಪ್ಪುವುದಿಲ್ಲವೆಂಬುದನ್ನು ಆಚಾರ್ಯರು ಬಲ್ಲರು. ಆದುದರಿಂದಲೇ ನಿಷ್ಪ್ರಯೋಜನ ಹಿಂಸೆಯನ್ನು ಪ್ರತ್ಯೇಕವಾಗಿ ಹೆಸರಿಸಿ ನಿಷೇಧಿಸಿದರು. ಒಂದು ಲ್ಯಾಪ್‌ಟಾಪಿಗಾಗಿ ತಾಮ್ರ, ಅಲ್ಯೂಮಿನಿಯಂ, ಚಿನ್ನ, ಕೋಬಾಲ್ಟ್ ಮೊದಲಾದವುಗಳ ಅದಿರನ್ನು ನೆಲ ಬಗೆದು ತೆಗೆಯಬೇಕು, ಕುದಿಸಬೇಕು, ತೊಳೆಯಬೇಕು. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ ಜೀವಗಳ ವಿಷಯ ಹಾಗಿರಲಿ, ಜಗತ್ತಿನ ಕೋಬಾಲ್ಟಿನ ಅರ್ಧಕ್ಕಿಂತ ಹೆಚ್ಚು ಬರುವ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 7 ವರ್ಷದ ಮಕ್ಕಳೂ ಅದಿರು ಹೊರುತ್ತಿದ್ದರೆಂದು 2016ರ ಜನವರಿಯಲ್ಲಿ ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ವರದಿ ತಿಳಿಸಿತು. ರಾತ್ರಿಭೋಜನವನ್ನು ಬಿಟ್ಟು, ಕಂದಮೂಲವನ್ನು ಬಿಟ್ಟು, ನೀರನ್ನು ಸೋಸಿ ಕುಡಿಯುವ ಮನೆಗೆ ಆ ಮಕ್ಕಳ ಬೆವರು ಸೋಸದೆಯೇ ಬರುತ್ತದೆ.

ಹೊಸ ಬ್ಯಾಟರಿಗೂ ಕೋಬಾಲ್ಟು ಬೇಕಲ್ಲವೇ ಎಂಬ ಆಕ್ಷೇಪವಿದೆ. ಹಲವು ಬ್ಯಾಟರಿಗಳಿಗೆ ಬೇಕು, ನಿಜ. ಆದರೆ ಕೆಲವೇ ನೂರು ಗ್ರಾಂ ತೂಕದ ಒಂದು ಭಾಗಕ್ಕಾಗಿ ಆಗುವ ಹಿಂಸೆಯೂ, ಅದೇ ಭಾಗದ ಜೊತೆಗೆ ಪರದೆ, ಕವಚ, ಮಂಡಲಫಲಕಗಳನ್ನೆಲ್ಲ ಮತ್ತೆ ಸೃಷ್ಟಿಸುವುದಕ್ಕಾಗಿ ಆಗುವ ಹಿಂಸೆಯೂ ಸಮವೆನ್ನುವುದು ಅಣುವ್ರತಕ್ಕೂ ಅವ್ರತಕ್ಕೂ ಭೇದವಿಲ್ಲವೆಂದಂತೆ. ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಮಾಡುವ ಇಂಗಾಲದ ಮಾಲಿನ್ಯದ ಬಹುಭಾಗವು ಅದು ತಯಾರಾಗುವಾಗಲೇ ಆಗಿಹೋಗಿರುತ್ತದೆ. ಹಳೆಯದನ್ನು ಇನ್ನು ನಾಲ್ಕು ವರ್ಷ ದುಡಿಸುವುದೇ ಲಾಭ.

ಲೆಕ್ಕ ಬಲ್ಲವರು ಸವಕಳಿಯ ವಾದವನ್ನು ಹೂಡುತ್ತಾರೆ. ಆದಾಯ ತೆರಿಗೆಯ ನಿಯಮದಲ್ಲಿ ಕಂಪ್ಯೂಟರಿಗೆ ಶೇಕಡಾ 40ರ ಸವಕಳಿ. 50,000 ರೂಪಾಯಿಯ ಯಂತ್ರವು ಮೂರು ವರ್ಷಗಳ ಕೊನೆಗೆ ಪುಸ್ತಕದಲ್ಲಿ 10,800 ರೂಪಾಯಿ, ನಾಲ್ಕರ ಕೊನೆಗೆ 6,480. ಆದರೆ ಪುಸ್ತಕದ ಬೆಲೆ ತೆರಿಗೆಗಾಗಿ ಮಾಡಿಕೊಂಡ ಒಪ್ಪಂದವೇ ಹೊರತು ವಸ್ತುವಿನ ಆಯುಷ್ಯವಲ್ಲ. ಮೂಡುಬಿದಿರೆಯ ಧವಲಾ ತಾಳೆಯೋಲೆಗಳಿಗೆ ಯಾರೂ ಸವಕಳಿ ಹಾಕಲಿಲ್ಲ. ಹಾಕಿದ್ದರೆ ಸಿದ್ಧಾಂತ ಗ್ರಂಥಗಳೇ ಉಳಿಯುತ್ತಿರಲಿಲ್ಲ. ಇಂದು ಓಲೆಗಳ ಛಾಯಾಪ್ರತಿಯನ್ನು ಓದುವುದು ಇಂಥ ಯಂತ್ರಗಳಲ್ಲಿಯೇ ಎಂಬುದನ್ನು ನೆನೆದರೆ ಈ ಉದಾಸೀನ ಇನ್ನಷ್ಟು ವಿಚಿತ್ರವಾಗಿ ತೋರುತ್ತದೆ.

ಇನ್ನು ವ್ಯಾಪಾರಿಗಳ ಮಾತು. ಸಮಾಜದ ಎಷ್ಟೋ ಕುಟುಂಬಗಳು ಬಿಡಿಭಾಗಗಳ ವ್ಯಾಪಾರದಲ್ಲಿವೆಯಾದ್ದರಿಂದ ಇದನ್ನು ಮುಚ್ಚಿಡುವುದು ತರವಲ್ಲ. ಪೇಟೆಯಲ್ಲಿ ಖ್ಯಾತ ಕಂಪನಿಯ ಹೆಸರಂಟಿಸಿದ ನಕಲಿ ಬ್ಯಾಟರಿಗಳು ಧಾರಾಳವಾಗಿ ಸಿಗುತ್ತವೆ. ಇಲ್ಲದ ಸಾಮರ್ಥ್ಯವನ್ನು ಚೀಟಿಯ ಮೇಲೆ ಅಚ್ಚುಹಾಕಿದವೂ ಉಂಟು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತದ ಅತಿಚಾರಗಳನ್ನು ಹೇಳುವಾಗ ಸುಳ್ಳು ಅಳತೆಯನ್ನೂ, ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವ ಪ್ರತಿರೂಪಕ ವ್ಯವಹಾರವನ್ನೂ ಉಮಾಸ್ವಾಮಿಗಳು ಸ್ಪಷ್ಟವಾಗಿ ಸೇರಿಸಿದ್ದಾರೆ. ತುಪ್ಪಕ್ಕೆ ಎಣ್ಣೆ ಬೆರೆಸಿದರೆ ಗಿರಾಕಿಗೆ ಮೋಸ. ರಕ್ಷಣಾ ಮಂಡಲವಿಲ್ಲದ ಬ್ಯಾಟರಿಯನ್ನು ಅಸಲಿಯೆಂದು ಮಾರಿದರೆ ಮೋಸವೂ ಹೌದು, ಮನೆಗೆ ಬೆಂಕಿಯೂ ಹೌದು. ಹೆಸರಾಂತ ತಯಾರಕರ ಬ್ಯಾಟರಿಗಳೇ ಹೊತ್ತಿ ಉರಿದು 2006ರಲ್ಲಿ ಡೆಲ್ ಕಂಪನಿಯು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಹೆಸರಿಲ್ಲದವುಗಳ ಗತಿಯೇನು? ಬಿಲ್ಲು ಕೊಡದ ಅಂಗಡಿಯಿಂದ ಕೊಳ್ಳುವ ಟ್ರಸ್ಟಿಗೂ ಆ ಅತಿಚಾರದಲ್ಲಿ ಪಾಲಿದೆ.

ಎಲ್ಲಕ್ಕಿಂತ ಮನನೋಯಿಸುವುದು ದಾನದ ಹೆಸರಿನಲ್ಲಿ ನಡೆಯುವ ವಿಲೇವಾರಿ. ಬ್ಯಾಟರಿ ಉಬ್ಬಿ, ಬೆರಳಾಡಿಸುವ ಫಲಕವು ಮೇಲೆದ್ದಿರುವ ಯಂತ್ರವನ್ನು ಒರೆಸಿ, ಬಡ ವಿದ್ಯಾರ್ಥಿಗೆ ಶಾಸ್ತ್ರದಾನವೆಂದು ಕೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವ ಪದ್ಧತಿ ನಿಲ್ಲಬೇಕು. ಉಬ್ಬಿದ ಬ್ಯಾಟರಿಯೊಳಗೆ ಅನಿಲ ತುಂಬಿರುತ್ತದೆ. ಅದನ್ನು ಚಾರ್ಜು ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಅಂಥದನ್ನು ಮಗುವಿನ ಕೈಗೆ ಕೊಡುವುದು ಶಾಸ್ತ್ರದಾನವಲ್ಲ. ಕತ್ತಿ, ಗುದ್ದಲಿ, ಬೆಂಕಿಗಳನ್ನು ಪರರಿಗೆ ಕೊಡುವುದನ್ನು ಸಮಂತಭದ್ರರು ಹಿಂಸಾದಾನವೆಂದರು. ಇದು ಆ ಸಾಲಿಗೆ ಸೇರಿದ್ದು. 2,000 ರೂಪಾಯಿಯೋ 4,000 ರೂಪಾಯಿಯೋ ಖರ್ಚುಮಾಡಿ ಬ್ಯಾಟರಿ ಬದಲಿಸಿ ಕೊಟ್ಟರೆ ಅದೇ ಯಂತ್ರ ನಿಜವಾದ ದಾನವಾಗುತ್ತದೆ.

ತಯಾರಕರ ದೋಷ ಕಡಿಮೆಯದೆಂದಲ್ಲ. ಹಿಂದೆ ಒಂದು ಕೊಂಡಿ ಸರಿಸಿದರೆ ಕೈಗೆ ಬರುತ್ತಿದ್ದ ಬ್ಯಾಟರಿಯನ್ನು ಈಗ ಒಳಗೆ ಬಚ್ಚಿಟ್ಟು, ಕೆಲವೆಡೆ ಅಂಟುಹಾಕಿ ಕೂರಿಸುತ್ತಾರೆ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಕಾನೂನು, 2027ರ ಫೆಬ್ರವರಿ 18ರಿಂದ ಇಂಥ ಬ್ಯಾಟರಿಗಳನ್ನು ಬಳಕೆದಾರನೇ ತೆಗೆದು ಹಾಕುವಂತಿರಬೇಕೆಂದು ವಿಧಿಸಿದೆ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿಯನ್ನೂ ಜಾಲತಾಣವನ್ನೂ ರಚಿಸಿತು. ಕೊಳ್ಳುವಾಗಲೇ, ಇದರ ಬ್ಯಾಟರಿ ಬದಲಿಸಬಹುದೇ, ಎಷ್ಟು ವರ್ಷ ಸಿಗುತ್ತದೆ ಎಂದು ಕೇಳುವ ಗಿರಾಕಿಗಳು ಹೆಚ್ಚಿದಂತೆ ತಯಾರಕರೂ ಬಗ್ಗುತ್ತಾರೆ. ಹತ್ತಾರು ಯಂತ್ರ ಕೊಳ್ಳುವ ವಿದ್ಯಾಸಂಸ್ಥೆಗಳ ಟ್ರಸ್ಟುಗಳ ಮಾತಿಗೆ ತೂಕವಿದೆ.

ಬದಲಿಸಿದ ಹಳೆಯ ಬ್ಯಾಟರಿಯ ವಿಷಯ ಉಳಿಯಿತು. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ, ಬಿಡುವ ವಸ್ತುವನ್ನೂ ಜೀವಬಾಧೆಯಿಲ್ಲದ ತಾಣ ನೋಡಿ ಬಿಡುವುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಗೃಹಸ್ಥನಿಗೂ ಸುಮಾರಾಗಿ ಅದನ್ನೇ ಹೇಳುತ್ತವೆ: ಇತರ ಕಸದೊಡನೆ ಬೆರೆಸದೆ ಸಂಗ್ರಹಿಸುವವರಿಗೆ ಒಪ್ಪಿಸಬೇಕು, ಹಿಂದಕ್ಕೆ ಪಡೆಯುವ ಹೊಣೆ ಉತ್ಪಾದಕರದು. ಕಸದ ಲಾರಿಯಲ್ಲಿ ನಜ್ಜುಗುಜ್ಜಾಗಿ ಬ್ಯಾಟರಿ ಹೊತ್ತಿಕೊಂಡರೆ ಮೊದಲು ಸುಡುವುದು ಪೌರಕಾರ್ಮಿಕನ ಕೈ. ಬಸದಿಯ ವಾರ್ಷಿಕ ಸಭೆಯಲ್ಲಿ ಲೆಕ್ಕಪರಿಶೋಧಕರು ಹೊಸ ಯಂತ್ರದ ಬಿಲ್ಲನ್ನು ನೋಡುತ್ತಾರೆ. ಹಳೆಯದರ ಬ್ಯಾಟರಿಯ ಆ ಎರಡು ಅಂಕಿಗಳನ್ನೂ, ತೆಗೆದ ಬ್ಯಾಟರಿಯನ್ನು ಒಪ್ಪಿಸಿದ ರಸೀದಿಯನ್ನೂ ಈ ವರ್ಷದಿಂದ ಸದಸ್ಯರು ಕೇಳಲಿ.