ಸದ್ದಿಲ್ಲದ ನೀರು

ಮೊನ್ನೆ ಪೋಷಕರ ಸಭೆ ಮುಗಿದು ಮೆಟ್ಟಿಲಿಳಿಯುತ್ತಿದ್ದಾಗ ತಂದೆಯೊಬ್ಬರು ತಡೆದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಗ್ರೀಸ್ ದೇಶದ ಯಾವುದೋ ಕಡಲ ಹಳ್ಳಿ. ಸುಣ್ಣ ಬಳಿದ ಮನೆಗಳು, ನೀಲಿ ಬಾಗಿಲುಗಳು, ಕೆರೆಯ ನೀರಿನಂತೆ ನಿಂತ ಸಮುದ್ರ. "ರಜೆಯಲ್ಲಿ ಇಂಥಲ್ಲಿಗೆ ಹೋಗಬೇಕು ಅಂತ ಮಕ್ಕಳ ಹಟ, ಸಾರ್. ಅಷ್ಟು ದೂರ ನಮ್ಮಿಂದ ಆಗ್ಲಿಕ್ಕಿಲ್ಲ. ಇಲ್ಲೇ ಹತ್ತಿರ ಗಲಾಟೆ ಇಲ್ಲದ, ಅಲೆಯೂ ಕಡಿಮೆ ಇರುವ ಒಂದು ಜಾಗ ಹೇಳಿ" ಎಂದರು.

ಜಾಗವೇನೋ ಹೇಳಿದೆ. ಸುರತ್ಕಲ್ ದಾಟಿ ಹಳೆಯಂಗಡಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಸಸಿಹಿತ್ಲು. ನಂದಿನಿ ಮತ್ತು ಶಾಂಭವಿ ನದಿಗಳು ಒಂದಾಗಿ ಕಡಲು ಸೇರುವ ಅಳಿವೆ ಅಲ್ಲಿದೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಮರಳಿನ ನಾಲಗೆ. ಆದರೆ ಅಲೆ ಕಡಿಮೆ ಎಂದು ಹೇಳಲು ನಾಲಗೆ ಬರಲಿಲ್ಲ. 2016ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಯೇ ನಡೆದಿತ್ತು. ಅಲೆಯನ್ನು ಹುಡುಕಿಕೊಂಡೇ ಜನ ಬರುವ ಕಡಲು ಅದು.

ಚಿತ್ರದ ಕಡಲು ಅಷ್ಟು ಶಾಂತವಾಗಿರುವುದು ಸುಳ್ಳಲ್ಲ. ಮೆಡಿಟರೇನಿಯನ್ ಸಮುದ್ರಕ್ಕೆ ಸುತ್ತಲೂ ನೆಲದ ಗೋಡೆ. ಅಟ್ಲಾಂಟಿಕ್ ಸಾಗರದ ಕಡೆಗಿರುವ ಜಿಬ್ರಾಲ್ಟರ್ ಬಾಗಿಲು ಇಕ್ಕಟ್ಟಾದಲ್ಲಿ ಸುಮಾರು 14 ಕಿಲೋಮೀಟರು ಅಗಲ, ಅಷ್ಟೇ. ಆದ್ದರಿಂದ ಹೆಚ್ಚಿನ ಕಡೆ ಉಬ್ಬರವಿಳಿತ ಒಂದೆರಡು ಗೇಣನ್ನು ಮೀರುವುದಿಲ್ಲ. ದೂರದ ಮಹಾಸಾಗರದ ಅಲೆ ಒಳಗೆ ಬರುವಂತಿಲ್ಲ. (ಗಾಳಿ ಎದ್ದ ದಿನ ಅಲ್ಲಿಯೂ ಕಡಲು ಕೆರಳುತ್ತದೆ. ಆ ದಿನದ ಚಿತ್ರವನ್ನು ಯಾರೂ ಕಳುಹಿಸುವುದಿಲ್ಲ!) ನಮ್ಮ ಅರಬ್ಬಿ ಸಮುದ್ರ ಹಾಗಲ್ಲ, ದಕ್ಷಿಣಕ್ಕೆ ಪೂರಾ ತೆರೆದುಕೊಂಡಿದೆ. ಅಂಟಾರ್ಕ್ಟಿಕಾದ ಹತ್ತಿರದ ಬಿರುಗಾಳಿಯಲ್ಲಿ ಹುಟ್ಟಿದ ಅಲೆ ಸಾವಿರಾರು ಕಿಲೋಮೀಟರು ದಾಟಿ, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ಬಂದು ಬೀಳಬಹುದು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗರನ್ನು ಕಡಲ ಕಿನಾರೆಗೆ ಕರೆದುಕೊಂಡು ಹೋಗಿದ್ದೆ. ಎಡಕ್ಕೂ ಬಲಕ್ಕೂ ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತಿದ್ದವು. ನಡುವೆ ಒಂದು ಓಣಿಯಷ್ಟು ಅಗಲಕ್ಕೆ ಮಾತ್ರ ನೀರು ಸಮತಟ್ಟಾಗಿ ಸುಮ್ಮನಿತ್ತು. ಭೌತಶಾಸ್ತ್ರ ಓದಿದ ನಾನೇ ಅದನ್ನು ತೋರಿಸಿ "ಅಲ್ಲಿ ಇಳಿಯಿರಿ, ಅಲೆ ಇಲ್ಲ" ಎಂದೆ. ಎರಡು ನಿಮಿಷದಲ್ಲಿ ಒಬ್ಬ ಹುಡುಗನ ತಲೆ ದೂರ ದೂರ ಹೋಗತೊಡಗಿತು. ಕೈರಂಪಣಿ ಬಲೆ ಎಳೆಯುತ್ತಿದ್ದವರಲ್ಲಿ ಒಬ್ಬರು ಓಡಿ ಬಂದು ನೀರಿಗೆ ಬಿದ್ದರು. ಹುಡುಗನನ್ನು ಹಿಡಿದವರು ನೇರ ದಡಕ್ಕೆ ಬರಲೇ ಇಲ್ಲ, ಅಡ್ಡಡ್ಡ ಈಜಿ ನೊರೆ ಇರುವಲ್ಲಿಗೆ ಹೋಗಿ, ಅಲೆಯ ಜೊತೆಗೇ ಮೇಲೆ ಬಂದರು. ಉಸಿರು ತಿರುಗಿದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಎಂಥ ಮಾಸ್ಟ್ರೇ, ಅಲೆ ಒಡೆಯದ ಜಾಗದಲ್ಲಿ ಮಕ್ಕಳನ್ನು ಇಳಿಸ್ತಾರಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಅಲೆಗಳು ನೀರನ್ನು ದಡದತ್ತ ತಳ್ಳುತ್ತಲೇ ಇರುತ್ತವೆ. ಆ ನೀರು ಹಿಂದೆ ಹೋಗಲೇಬೇಕಲ್ಲ? ತೀರಕ್ಕೆ ಸಮಾನಾಂತರವಾಗಿ ನೀರಿನಡಿಯಲ್ಲಿ ಮರಳಿನ ದಿಬ್ಬವಿರುತ್ತದೆ. ಅದು ಎಲ್ಲಿ ಕಡಿದಿದೆಯೋ ಅಲ್ಲಿಂದ ನೀರೆಲ್ಲ ಹೊರಗೆ ನುಗ್ಗುತ್ತದೆ. ಗದ್ದೆಯ ಅಂಚು ಕಡಿದಲ್ಲಿ ನೀರು ಹರಿದುಹೋಗುವುದಿಲ್ಲವೇ, ಹಾಗೆ. ಅಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಒಡೆಯುವುದಿಲ್ಲ, ನೋಡಲು ಶಾಂತ. ಇಂಗ್ಲಿಷಿನಲ್ಲಿ ಇದಕ್ಕೆ ರಿಪ್ ಕರೆಂಟ್ ಎಂದು ಹೆಸರು. ಜೋರಾದಾಗ ಅದರ ವೇಗ ಸೆಕೆಂಡಿಗೆ ಎರಡು ಮೀಟರಿನವರೆಗೂ ಹೋಗುತ್ತದೆ. ಒಲಿಂಪಿಕ್ಸ್ ಈಜುಗಾರನ ವೇಗವೂ ಹೆಚ್ಚುಕಡಿಮೆ ಅಷ್ಟೇ.

ಈ ಸೆಳೆತ ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ದಡಕ್ಕೆ ನೇರವಾಗಿ ಈಜಿ ಈಜಿ ಸುಸ್ತಾದವರೇ ಮುಳುಗುವುದು. ಸಿಕ್ಕಿಬಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಬೇಕು. ತಂದೆ ತಾಯಂದಿರೇ, ಮಗು ಹೋಯಿತೆಂದು ಹಿಂದೆಯೇ ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಗಾಳಿ ತುಂಬಿದ ಟ್ಯೂಬು, ತೇಲುವ ಯಾವುದನ್ನಾದರೂ ಎಸೆದು ಜನರನ್ನು ಕೂಗಿ. ಅಳಿವೆಯ ಬಾಯಿಯಲ್ಲಂತೂ ಇಳಿಯಲೇಬೇಡಿ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಕಡಲಿನ ಇಳಿತವೂ ಒಟ್ಟಾಗಿ ಹೊರಗೆ ಓಡುತ್ತಿರುತ್ತವೆ. ಮಳೆಗಾಲದ ಮಾತು ಬೇಡವೇ ಬೇಡ. ಹೈದರಾಬಾದಿನ ಇನ್‌ಕಾಯಿಸ್ ಎಂಬ ಸರ್ಕಾರಿ ಕೇಂದ್ರ ಅಲೆಗಳ ಮುನ್ಸೂಚನೆ ಕೊಡುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. ಅಲ್ಲಿ ಬಲೆ ಸರಿಮಾಡುತ್ತ ಕುಳಿತವರನ್ನೂ ಒಂದು ಮಾತು ಕೇಳಿ.

ಸಸಿಹಿತ್ಲಿಗೆ ಹೋದವರು ಕಳೆದ ವಾರ ಫೋನ್ ಮಾಡಿದ್ದರು. ಮಕ್ಕಳಿಗೆ ನಾನೊಂದು ಕೆಲಸ ಕೊಟ್ಟಿದ್ದೆ: ನೀರಿಗಿಳಿಯುವ ಮೊದಲು ಎತ್ತರದ ಮರಳಿನ ಮೇಲೆ ಕಾಲು ಗಂಟೆ ಕೂತು, ನೊರೆ ಎಲ್ಲಿ ಹೊರಗೆ ಹೋಗುತ್ತದೆ, ಎಲ್ಲಿ ನೀರು ಮರಳು ಕಲಸಿ ಕಂದಾಗಿದೆ ಎಂದು ನೋಡಿ ಚಿತ್ರ ಬರೆಯಬೇಕು. ಕಿರಿಯವಳು ಎರಡು ಕಡೆ ಗುರುತು ಹಾಕಿದಳಂತೆ. ದೊಡ್ಡವನಿಗೆ ಒಂದೇ ಕಂಡಿತಂತೆ. ದಡದಲ್ಲಿ ಸಿಕ್ಕಿದ ಒಂದು ತೆಂಗಿನ ಸಿಪ್ಪೆಯನ್ನು ಎರಡನೆಯ ಕಡೆ ಎಸೆದು ನೋಡಿದರು. ಸಿಪ್ಪೆ ಹೊರಗೇ ಹೋಯಿತು.