ಇಳಿಯದ ತೂಕ ಮತ್ತು ಎರಡು ಗ್ರಂಥಿಗಳು

ಮಹಾನಗರಗಳ ಕನ್ನಡ ಸಂಘಗಳ ವಾರ್ಷಿಕೋತ್ಸವದಲ್ಲಿ ಸಭಾ ಕಾರ್ಯಕ್ರಮ ಮುಗಿದು ಊಟದ ಪಂಕ್ತಿ ಆರಂಭವಾಗುವವರೆಗಿನ ಅರ್ಧ ಗಂಟೆಯಲ್ಲಿ ಮಹಿಳೆಯರ ಮಾತುಕತೆ ಹರಿಯುವ ದಿಕ್ಕು ಇತ್ತೀಚೆಗೆ ಬದಲಾಗಿದೆ. ಒಂದು ಕಾಲಕ್ಕೆ ಅದು ಊರಿನ ಮಳೆ, ಮಕ್ಕಳ ಶಾಲಾ ಪ್ರವೇಶ, ಮನೆಯ ಪಗಡಿ ಮುಂತಾದವುಗಳ ಸುತ್ತ ಸುಳಿಯುತ್ತಿತ್ತು. ಈಗ ‘ನಿಮ್ಮದು ಎಷ್ಟು ಬಂತು?’ ಎಂಬ ಪ್ರಶ್ನೆಗೆ ಉತ್ತರವಾಗಿ ಬರುವುದು ಮಕ್ಕಳ ಪರೀಕ್ಷೆಯ ಅಂಕವಲ್ಲ, ರಕ್ತಪರೀಕ್ಷೆಯ ಟಿ.ಎಸ್.ಎಚ್. ಅಂಕಿ. ಇದು ಕೇವಲ ಕಾಲದ ಗೀಳಲ್ಲ. ದೆಹಲಿ, ಮುಂಬಯಿ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳೂ ಸೇರಿದಂತೆ ಭಾರತದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ನೂರರಲ್ಲಿ ಸುಮಾರು 11 ಮಂದಿಗೆ ಥೈರಾಯಿಡ್ ಗ್ರಂಥಿಯ ಸ್ರಾವ ಸಾಲದೆ ಇರುವುದನ್ನು ತೋರಿಸಿತು. ಅವರಲ್ಲಿ ಸ್ತ್ರೀಯರ ಪಾಲೇ ಹೆಚ್ಚು.

ಕಾಯಿಲೆ ನಿಜ. ಆದರೆ ಅದರ ಖಾತೆಗೆ ಬರೆಯಲಾಗುವ ಬಾಬತ್ತುಗಳೆಲ್ಲ ನಿಜವೇ ಎಂಬುದು ಬೇರೆ ಪ್ರಶ್ನೆ. ಹದಿನೆಂಟು ಕಿಲೋ ಹೆಚ್ಚು ತೂಕವುಳ್ಳ ಗೃಹಿಣಿಯೊಬ್ಬರು ‘ಇದೆಲ್ಲ ಥೈರಾಯಿಡ್’ ಎನ್ನುತ್ತಾರೆ. ಸೋಫಾದ ಮೇಲೆ ಕುಳಿತ ಪತಿರಾಯರು ‘ಥೈರಾಯಿಡ್ ಎಂಬುದೊಂದು ನೆಪ, ಎರಡು ಸುತ್ತು ನಡೆದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಇಬ್ಬರ ಲೆಕ್ಕವೂ ತಪ್ಪು. ಸ್ರಾವ ಕಡಿಮೆಯಾದಾಗ ದೇಹ ಇಂಧನವನ್ನು ನಿಧಾನವಾಗಿ ಉರಿಸುತ್ತದೆ, ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ; ಅದರಿಂದ ಸಾಮಾನ್ಯವಾಗಿ ಏರುವ ತೂಕ ಎರಡರಿಂದ ಐದು ಕಿಲೋ ಮಾತ್ರ, ಅದರಲ್ಲಿಯೂ ಬಹುಪಾಲು ನೀರು. ಹದಿನೆಂಟರಲ್ಲಿ ಐದನ್ನು ಗ್ರಂಥಿಯ ಹೆಸರಿಗೆ ಬರೆದರೂ ಹದಿಮೂರು ಕಿಲೋ ಉಳಿಯುತ್ತದೆ. ಹಾಗೆಯೇ, ದಣಿವು, ಮೈಕೈ ನೋವು, ಮಲಬದ್ಧತೆ, ಚಳಿ ತಡೆಯಲಾರದಿರುವಿಕೆ, ಮಂಕು ಕವಿದ ಮನಸ್ಸು ಇವನ್ನೆಲ್ಲ ಹೊತ್ತು ಮನೆಗೆಲಸ ಮಾಡುವವರಿಗೆ ‘ಎರಡು ಸುತ್ತು’ ಎಂಬುದು ಹೇಳಿದಷ್ಟು ಸುಲಭವಲ್ಲ ಎಂಬುದನ್ನು ಆ ಮಹಾಶಯರು ಅರಿಯಬೇಕು.

ಇದಕ್ಕೆ ಪರಿಹಾರ ದೊರೆತ ಚರಿತ್ರೆಯೂ ಸ್ವಾರಸ್ಯಕರ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯರು ಕುರಿಯ ಥೈರಾಯಿಡ್ ಗ್ರಂಥಿಯ ಸಾರವನ್ನು ರೋಗಿಯೊಬ್ಬಳಿಗೆ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದಳು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್ಮಸ್ ದಿನ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದೇ ಕೆಂಡಾಲ್ ಮುಂದೆ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳತ್ತ ತಿರುಗಿ, ಕಾರ್ಟಿಸೋನ್ ಎಂದು ಹೆಸರಾದ ವಸ್ತುವನ್ನು ಪ್ರತ್ಯೇಕಿಸಿ, 1950ರ ನೊಬೆಲ್ ಪಾರಿತೋಷಕವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಒಬ್ಬನೇ ವಿಜ್ಞಾನಿಯ ಕೈಯಲ್ಲಿ ಹಾದುಬಂದ ಈ ಎರಡು ಗ್ರಂಥಿಗಳನ್ನು ಇಂದಿನ ಜಾಹೀರಾತುಗಾರರು ಒಂದೇ ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದಾರೆ. ಆ ವಿಷಯಕ್ಕೆ ಬರುವ ಮುನ್ನ ಕಾಫಿಯ ಮಾತನ್ನು ಮುಗಿಸಬೇಕು.

ಮುಂಬಯಿಯ ಉಪನಗರವೊಂದರ ಕನ್ನಡ ಮನೆಯ ಬೆಳಗನ್ನು ನೋಡಬೇಕು. ಐದು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತದೆ. ಹಿಂದಿನ ರಾತ್ರಿಯೇ ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ ಕಾದಿರುತ್ತದೆ. ಡಬ್ಬಿಗಳು ಮೂರು, ಲೋಕಲ್ ಗಾಡಿ ಏಳೂವರೆಗೆ. ಈ ಅವಸರದಲ್ಲಿ ಮನೆಯೊಡತಿ ಥೈರಾಕ್ಸಿನ್ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ಬಿಸಿ ಕಾಫಿಯನ್ನೇ ಅದರ ಹಿಂದೆ ಕಳುಹಿಸುತ್ತಾರೆ. ಗುಳಿಗೆ ಹೊಟ್ಟೆಗೆ ಸೇರಿತೆಂಬ ಸಮಾಧಾನ ಅವರಿಗೆ; ರಕ್ತಕ್ಕೆ ಪೂರ್ತಿ ಸೇರಲಿಲ್ಲವೆಂಬುದು ಅವರಿಗೆ ತಿಳಿಯದು. ಕಾಫಿ, ಹಾಲು, ತಿಂಡಿ ಇವೆಲ್ಲ ಈ ಔಷಧದ ಹೀರಿಕೆಗೆ ಅಡ್ಡಿ. ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ, ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಬೆಳಗಿನ ಕಾಫಿಯನ್ನು ಒಂದು ಗಂಟೆ ಮುಂದೂಡುವುದು ಕನ್ನಡಿಗರಿಗೆ ಸಣ್ಣ ತ್ಯಾಗವಲ್ಲ. ಅದು ಸಾಧ್ಯವೇ ಇಲ್ಲವೆನ್ನುವವರು ವೈದ್ಯರನ್ನು ಕೇಳಿ, ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ ಗುಳಿಗೆ ತೆಗೆದುಕೊಳ್ಳಬಹುದು. ಕಾಫಿಯ ವಿಚಾರವನ್ನು ಯಾರೂ ಕೇಳದೆ, ಯಾರೂ ಹೇಳದೆ, ಪ್ರತಿ ಸಲವೂ ಗುಳಿಗೆಯ ಪ್ರಮಾಣವನ್ನೇ ಏರಿಸುತ್ತಾ ಹೋಗುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಪ್ರಮಾಣ ಬದಲಿಸಿದ ಬಳಿಕ ಆರರಿಂದ ಎಂಟು ವಾರ ಕಳೆಯದೆ ಪುನಃ ಪರೀಕ್ಷೆ ಮಾಡಿಸುವುದು ವ್ಯರ್ಥವೆಂಬುದನ್ನೂ ಇಲ್ಲಿಯೇ ಹೇಳಬಹುದು. ಕೂದಲು ಉದುರುತ್ತದೆಂದು ಬಯೋಟಿನ್ ಸೇವಿಸುವವರು ಪರೀಕ್ಷೆಗೆ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಅನೇಕ ಯಂತ್ರಗಳು ಸುಳ್ಳು ಅಂಕಿಯನ್ನು ತೋರಿಸುತ್ತವೆ.

ಇನ್ನು, ತೂಕ ಬೇಗ ಇಳಿಯಲೆಂದು ವೈದ್ಯರು ಬರೆದುದಕ್ಕಿಂತ ಒಂದು ಗುಳಿಗೆ ಹೆಚ್ಚು ನುಂಗುವವರೂ ಇದ್ದಾರೆ. ಗ್ರಂಥಿ ಸರಿಯಿದ್ದವರೂ ಬೊಜ್ಜಿಗೆಂದು ಇದನ್ನು ನುಂಗಿದ ಉದಾಹರಣೆಗಳಿವೆ. ತೂಕ ತುಸು ಇಳಿಯಲೂಬಹುದು. ಆದರೆ ಅದರಲ್ಲಿ ಮಾಂಸಖಂಡದ ಪಾಲಿರುತ್ತದೆ, ಮೂಳೆಯ ಗಟ್ಟಿತನ ಕುಗ್ಗುತ್ತದೆ, ಹೃದಯದ ಬಡಿತ ತಾಳ ತಪ್ಪುತ್ತದೆ. ಅಸಲನ್ನು ಮುರಿದು ಬಡ್ಡಿಯೆಂದು ತೋರಿಸುವ ಇಂಥ ವ್ಯವಹಾರಕ್ಕೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ.

ಅಡ್ರಿನಲ್ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ‘ನಗರಜೀವನದ ಒತ್ತಡದಿಂದ ನಿಮ್ಮ ಅಡ್ರಿನಲ್ ದಣಿದಿದೆ, ಅದರಿಂದಲೇ ಹೊಟ್ಟೆಯ ಸುತ್ತ ಬೊಜ್ಜು’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ‘ಅಡ್ರಿನಲ್ ದಣಿವು’ ಎಂಬ ಈ ಹೆಸರು ಹುಟ್ಟಿದ್ದು 1998ರಲ್ಲಿ, ಅಮೆರಿಕದಲ್ಲಿ. ಅದರ ಕುರಿತ 58 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇಬ್ಬರು ಬ್ರೆಜಿಲ್ ವೈದ್ಯರು 2016ರಲ್ಲಿ, ಇಂಥದೊಂದು ರೋಗವಿದೆಯೆನ್ನಲು ಆಧಾರವಿಲ್ಲವೆಂದು ಬರೆದರು. ದಣಿವು ಸುಳ್ಳಲ್ಲ, ಎರಡು ಗಂಟೆ ಗಾಡಿಯಲ್ಲಿ ನಿಂತು ಬಂದವರು ದಣಿಯದೆ ಇರುವುದಾದರೂ ಹೇಗೆ? ಆದರೆ ಆ ದಣಿವಿಗೆ ಡಬ್ಬಿಗಟ್ಟಲೆ ಪುಡಿ ಮಾರುವುದು ವೈದ್ಯವಲ್ಲ, ವ್ಯಾಪಾರ.

ನಿಜವಾದ ಅಡ್ರಿನಲ್ ರೋಗಗಳು ಬೇರೆಯೇ ಇವೆ. ಥಾಮಸ್ ಆಡಿಸನ್ 1855ರಲ್ಲಿ ವರ್ಣಿಸಿದ ರೋಗದಲ್ಲಿ ಗ್ರಂಥಿಯೇ ನಾಶವಾಗುತ್ತದೆ. ಭಾರತದಲ್ಲಿ ಅದಕ್ಕೆ ಕ್ಷಯವೂ ಒಂದು ಕಾರಣ. ಅದರಲ್ಲಿ ತೂಕ ಏರುವುದಿಲ್ಲ, ಇಳಿಯುತ್ತದೆ. ಅಂಗೈಯ ಗೆರೆಗಳೂ ಒಸಡೂ ಕಪ್ಪಾಗುತ್ತವೆ, ಉಪ್ಪಿಗಾಗಿ ನಾಲಗೆ ಹಾತೊರೆಯುತ್ತದೆ. ಇದಕ್ಕೆ ವಿರುದ್ಧವಾದುದು ಕುಶಿಂಗ್ ರೋಗಲಕ್ಷಣ: ಮುಖ ಚಂದ್ರನಂತೆ ದುಂಡಗಾಗುತ್ತದೆ, ಹೊಟ್ಟೆ ಬೆಳೆಯುತ್ತದೆ, ಕೈಕಾಲು ಸೊರಗುತ್ತವೆ, ಚರ್ಮದ ಮೇಲೆ ನೇರಳೆ ಗೆರೆಗಳು ಮೂಡುತ್ತವೆ. ಗ್ರಂಥಿಯಿಂದಲೇ ಹುಟ್ಟುವ ಕುಶಿಂಗ್ ಅಪರೂಪ. ಮಾತ್ರೆಯಿಂದ ಬರುವುದು ಅಪರೂಪವಲ್ಲ, ಮತ್ತು ಈ ಬರಹದ ಚಿಂತೆಯೆಲ್ಲ ಅದರದೇ.

ಒಂದು ಕುಟುಂಬದ ಕಥೆ ಹೀಗೆ. ಉತ್ತರ ಕರ್ನಾಟಕದ ಹಳ್ಳಿಯಿಂದ ಮಗನ ಮನೆಗೆ ಬಂದ ತಾಯಿಗೆ ಮೊಣಕಾಲು ನೋವು. ಪರಿಚಿತರು ತಂದುಕೊಟ್ಟ ಹೆಸರಿಲ್ಲದ ಪೊಟ್ಟಣದ ಪುಡಿಯಿಂದ ವಾರದೊಳಗೆ ನೋವು ಮಾಯವಾಯಿತು. ಆರು ತಿಂಗಳಲ್ಲಿ ಮುಖ ತುಂಬಿಕೊಂಡಿತು. ‘ಅವ್ವಗ ಮುಂಬಯಿ ನೀರು ಒಗ್ಗಿತು ನೋಡ್ರಿ’ ಎಂದು ನೆಂಟರು ಸಂತೋಷಪಟ್ಟರು. ಒಂದು ವರ್ಷಕ್ಕೆ ಹನ್ನೆರಡು ಕಿಲೋ ಏರಿತು. ಆಗ ಯಾರೋ, ಆ ಪುಡಿಯಲ್ಲಿ ಸ್ಟೀರಾಯ್ಡ್ ಇರಬಹುದೆಂದು ಎಚ್ಚರಿಸಿದರು. ಎಚ್ಚರಿಕೆ ಸರಿಯಾಗಿತ್ತು, ಆದರೆ ಸೊಸೆ ಗಾಬರಿಯಿಂದ ಅಂದೇ ಪೊಟ್ಟಣಗಳನ್ನೆಲ್ಲ ಕಸದ ಬುಟ್ಟಿಗೆ ಎಸೆದರು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ದೇಹದ ಸ್ವಂತ ಅಡ್ರಿನಲ್ ಕೆಲಸ ನಿಲ್ಲಿಸಿ ಮಲಗಿಬಿಟ್ಟಿರುತ್ತದೆ. ಎಬ್ಬಿಸಲು ಸಮಯ ಬೇಕು. ಐದನೆಯ ದಿನ ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ. ಆಸ್ಪತ್ರೆಯಲ್ಲಿ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟ ಬಳಿಕವೇ ಆ ತಾಯಿ ಕಣ್ತೆರೆದರು. ಸೊಸೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಸ್ಟೀರಾಯ್ಡನ್ನು ಹಂತಹಂತವಾಗಿ, ವೈದ್ಯರ ಕಣ್ಣೆದುರಿನಲ್ಲಿ ಇಳಿಸಬೇಕೆಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಉಬ್ಬಸಕ್ಕೂ ಸಂಧಿವಾತಕ್ಕೂ ವೈದ್ಯರೇ ತಿಳಿದು ಕೊಡುವ ಸ್ಟೀರಾಯ್ಡ್ ಎಷ್ಟೋ ಜೀವಗಳನ್ನು ಉಳಿಸಿದೆ ಎಂಬುದನ್ನೂ ಮರೆಯಲಾಗದು. ತೂಕ ಏರಿತೆಂಬ ಕೋಪದಲ್ಲಿ ಅದನ್ನು ನಿಲ್ಲಿಸುವಂತಿಲ್ಲ.

ಎರಡು ಗ್ರಂಥಿಗಳೂ ಸೋತವರು ಕೆಲವರಿದ್ದಾರೆ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಗ್ರಂಥಿಗಳ ಮೇಲೆ ತಿರುಗಿಬಿದ್ದಾಗ ಹೀಗಾಗುತ್ತದೆ. ಅವರಿಗೆ ಮೊದಲು ಅಡ್ರಿನಲ್‌ನ ಕೊರತೆಯನ್ನು ತುಂಬಿ, ಅನಂತರವೇ ಥೈರಾಕ್ಸಿನ್ ಆರಂಭಿಸಬೇಕು. ಕ್ರಮ ತಪ್ಪಿದರೆ ಪ್ರಾಣಾಪಾಯ. ತೂಕ ಇಳಿಸುವವರಿಗೆ ಸಾಮಾನ್ಯವಾಗಿ ಹೇಳುವ ‘ಉಪ್ಪು ಬಿಡಿ, ಉಪವಾಸ ಮಾಡಿ’ ಎಂಬ ಉಪದೇಶವು ಆಡಿಸನ್ ರೋಗಿಗೆ ವಿಷವಾದೀತು. ಅವರು ಜ್ವರ ಬಂದಾಗ ಔಷಧದ ಪ್ರಮಾಣವನ್ನು ಏರಿಸಬೇಕೇ ಹೊರತು ಹೊತ್ತು ತಪ್ಪಿಸಬಾರದು. ನೆರೆಮನೆಯವರ ಪಥ್ಯದ ಚೀಟಿಯನ್ನು ನಕಲು ಮಾಡುವ ಅಭ್ಯಾಸ ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಉಳಿದ ಹದಿಮೂರು ಕಿಲೋ? ಔಷಧ ಸರಿಹೊಂದಿದ ಮೇಲೆ ಅದು ಎಲ್ಲರ ಬೊಜ್ಜಿನಂತೆಯೇ, ತಿಂದದ್ದು ಮತ್ತು ಉರಿಸಿದ್ದರ ವ್ಯತ್ಯಾಸ. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳವಾಯಿತು. ಕಠಿಣ ಉಪವಾಸ ಹಿಡಿದರೆ ದೇಹ ತನ್ನ ಥೈರಾಯಿಡ್ ಹಾರ್ಮೋನಿನ ಚುರುಕಾದ ರೂಪವನ್ನೇ ಕಡಿಮೆ ಮಾಡಿ ಖರ್ಚನ್ನು ಬಿಗಿಮಾಡುತ್ತದೆ. ಮುಂಬಯಿಯಲ್ಲಿ ಕಲಿತ ಸಾಬೂದಾಣಿ ಖಿಚಡಿಯ ಉಪವಾಸವಂತೂ ಹೆಸರಿಗೆ ಮಾತ್ರ ಉಪವಾಸ. ಪಿಷ್ಟ, ಶೇಂಗಾ, ತುಪ್ಪಗಳ ಆ ತಟ್ಟೆ ಎರಡು ಊಟಕ್ಕೆ ಸಮ. ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಪಲ್ಯ, ಮಜ್ಜಿಗೆ, ಅನ್ನದ ರಾಶಿಯ ಬದಲು ಒಂದು ಹಿಡಿ ಅನ್ನ ಇವು ಊರಿನಿಂದ ತಂದ ಜ್ಞಾನವೇ. ಎಲೆಕೋಸು, ಹೂಕೋಸುಗಳನ್ನು ಬೇಯಿಸಿ ಮಿತವಾಗಿ ತಿನ್ನಲು ಥೈರಾಯಿಡ್ ರೋಗಿ ಹೆದರಬೇಕಾಗಿಲ್ಲ. ನಡಿಗೆಯ ಜೊತೆಗೆ ಮಾಂಸಖಂಡಗಳಿಗೂ ಸ್ವಲ್ಪ ಕೆಲಸ ಕೊಡಬೇಕು, ಸ್ಟೀರಾಯ್ಡ್ ಸೇವಿಸಿದವರಿಗಂತೂ ಇದು ಹೆಚ್ಚು ಅಗತ್ಯ. ರಾತ್ರಿ ಹತ್ತಕ್ಕೆ ಎಲ್ಲರ ಊಟವಾದ ಮೇಲೆ ಉಳಿದದ್ದು ಹಾಳಾಗಬಾರದೆಂದು ಪಾತ್ರೆಯ ತಳದ್ದನ್ನೆಲ್ಲ ತಾನೇ ಮುಗಿಸುವ ಗೃಹಿಣಿಯ ಮಿತವ್ಯಯವನ್ನು ಯಾವ ಪಥ್ಯದ ಪಟ್ಟಿಯೂ ಲೆಕ್ಕಕ್ಕೆ ಹಿಡಿದಿಲ್ಲ. ಅದನ್ನು ನಿಲ್ಲಿಸುವುದು ಮನೆಯವರೆಲ್ಲರ ಕೆಲಸ.

ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುತ್ತವೆ. ತೂಕದ ಯಂತ್ರ ಇಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಛಾಯಾಚಿತ್ರ ತೆಗೆಯುತ್ತಾರೆ. ಮುಂದಿನ ಶಿಬಿರದ ಆಹ್ವಾನಪತ್ರಿಕೆಯಲ್ಲಿ ಒಂದು ಸಾಲು ಸೇರಿಸಬಹುದು: ಮನೆಯಲ್ಲಿ ಯಾರು ಯಾರು ಏನೇನು ನುಂಗುತ್ತಾರೋ ಆ ಗುಳಿಗೆ, ಪುಡಿ, ಪೊಟ್ಟಣ, ಎಣ್ಣೆ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಒಂದು ಮೇಜು, ಒಬ್ಬ ವೈದ್ಯರು, ನಿವೃತ್ತ ಔಷಧ ವ್ಯಾಪಾರಿಯೊಬ್ಬರು, ಅಷ್ಟು ಸಾಕು. ಹೆಸರಿಲ್ಲದ ಪೊಟ್ಟಣಗಳನ್ನು ಬೇರೆ ಇಟ್ಟು, ಅದನ್ನು ತಿಂದವರನ್ನು ಮೊದಲು ಒಳಗೆ ಕರೆಯಲಿ. ಕಾರ್ಯಕರ್ತರ ಕಾಫಿ ಮಾತ್ರ ಒಂಬತ್ತರ ಮೇಲೆಯೇ ಬರಲಿ.