ಎರಡು ಪಂಪ್‌ಗಳಿಂದ ಒಂದು: ಕೈಚಳಕಕ್ಕೆ ಲೆಕ್ಕಪತ್ರದ ಆಸರೆ ಬೇಕು

ಬೆಂಗಳೂರಿನ ಪಶ್ಚಿಮ ಹೆಬ್ಬಾಗಿಲಾದ ಕೆಂಗೇರಿ ಉಪನಗರದ ಬದುಕು ಮೊದಲಿನಿಂದಲೂ ಮೈಸೂರು ರಸ್ತೆಯೊಂದಿಗೆ ಬೆಸೆದುಕೊಂಡಿದೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಾದೇಶಿಕ ಕಾರ್ಯಾಗಾರ ಇಲ್ಲಿಯೇ ಇದೆ. ಮುಂದೆ ಸಾಗಿದರೆ ಕುಂಬಳಗೋಡು ಕೈಗಾರಿಕಾ ಪ್ರದೇಶ, ಅದರಾಚೆ ಬಿಡದಿಯ ಮೋಟಾರು ಕಾರ್ಖಾನೆ. 2021ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ತಲುಪಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಗೊಂಡಿತು. ರಸ್ತೆ ಬೆಳೆದಂತೆ ರಸ್ತೆಯನ್ನು ನಂಬಿದ ಕಸುಬುಗಳೂ ಬೆಳೆಯುತ್ತವೆ. ಗ್ಯಾರೇಜುಗಳು, ಲೇತ್ ಘಟಕಗಳು, ಬಿಡಿಭಾಗಗಳ ಅಂಗಡಿಗಳು ಈ ಭಾಗದ ಅನೇಕ ಕುಟುಂಬಗಳಿಗೆ ಅನ್ನದ ದಾರಿಯಾಗಿವೆ.

ಈ ಕಸುಬುಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ಕೆಲಸವೆಂದರೆ ಪವರ್ ಸ್ಟೀರಿಂಗ್ ಪಂಪ್‌ಗಳ ನವೀಕರಣ. ಸವೆದ ಒಂದು ಪಂಪ್‌ನ ಹೊರಕವಚಕ್ಕೆ ಇನ್ನೊಂದು ಪಂಪ್‌ನ ಒಳಭಾಗಗಳನ್ನು ಜೋಡಿಸಿ, ಕೆಲವೊಮ್ಮೆ ಮೂಲಕ್ಕಿಂತ ಹೆಚ್ಚಿನ ಸಾಮರ್ಥ್ಯವನ್ನೇ ಹೊರಡಿಸುವ ಕೈಚಳಕವದು. ಹೊಸ ಪಂಪ್ ದುಬಾರಿಯಾದಾಗ, ಇಲ್ಲವೇ ವಾಹನದ ತಯಾರಿಕೆಯೇ ನಿಂತುಹೋಗಿರುವಾಗ ಗಿರಾಕಿಗೆ ಉಳಿಯುವ ದಾರಿ ಇದೊಂದೇ. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್, 2005ರಲ್ಲಿ ಇನ್ನೋವಾಕ್ಕೆ ಸ್ಥಳ ಬಿಟ್ಟುಕೊಟ್ಟಿತು. ಹೀಗೆ ತಯಾರಿಕೆ ನಿಂತ ವಾಹನಗಳನ್ನು ವರ್ಷಗಳ ಕಾಲ ಓಡಿಸಿಕೊಂಡು ಬರುವವರು ಇಂತಹ ಕುಶಲಕರ್ಮಿಗಳೇ ಹೊರತು ಬೇರಾರೂ ಅಲ್ಲ.

ಕೌಶಲದ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಇಂತಹ ಪಂಪ್‌ನ ನಿಜವಾದ ಬೆಲೆಯೆಷ್ಟು, ಅದನ್ನು ಯಾವ ಹೆಸರಿನಲ್ಲಿ ಮಾರಬೇಕು, ಅದು ಕೈಕೊಟ್ಟರೆ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಬಹುಪಾಲು ಘಟಕಗಳಲ್ಲಿ ಲಿಖಿತ ಉತ್ತರವಿಲ್ಲ. ಉತ್ತರವಿಲ್ಲದ ಈ ಸ್ಥಿತಿಯೇ ಈ ಕಸುಬಿನ ದೊಡ್ಡ ಅಪಾಯ.

ಪಂಪ್‌ನೊಳಗಿನ ಲೆಕ್ಕ

ಸ್ಟೀರಿಂಗ್‌ನಲ್ಲಿ ಹೆಚ್ಚಾಗಿ ಬಳಕೆಯಾಗುವುದು ವೇನ್ ಮಾದರಿಯ ಪಂಪ್. ರೋಟರಿನ ಸೀಳುಗಳಲ್ಲಿ ಜಾರುವ ತೆಳು ಪಟ್ಟಿಗಳು ಅಂಡಾಕಾರದ ಕ್ಯಾಮ್ ರಿಂಗಿನ ಒಳಗೋಡೆಗೆ ಒತ್ತಿಕೊಂಡು ತಿರುಗುತ್ತ ಎಣ್ಣೆಯನ್ನು ತಳ್ಳುತ್ತವೆ. ಒಂದು ಸುತ್ತಿಗೆ ಎಷ್ಟು ಎಣ್ಣೆ ಹರಿಯಬೇಕೆಂಬುದನ್ನು ಕ್ಯಾಮ್ ರಿಂಗಿನ ಆಕಾರ ಮತ್ತು ಅಗಲ ನಿರ್ಧರಿಸುತ್ತವೆ. ಎಂಜಿನ್ನಿನ ವೇಗ ಹೆಚ್ಚಿದಾಗ ಅಗತ್ಯ ಮೀರಿದ ಎಣ್ಣೆಯನ್ನು ಹರಿವಿನ ವಾಲ್ವ್ ಹಿಂದಕ್ಕೆ ಕಳುಹಿಸುತ್ತದೆ. ಒತ್ತಡ ಮಿತಿ ಮೀರದಂತೆ ರಿಲೀಫ್ ವಾಲ್ವ್ ತಡೆಯುತ್ತದೆ. ಸ್ಟೀರಿಂಗ್ ಎಷ್ಟು ಚುರುಕಾಗಿ ಸ್ಪಂದಿಸಬೇಕೆಂಬುದು ಹರಿವಿಗೆ ಸೇರಿದ ವಿಷಯ. ಎಷ್ಟು ಬಲ ದೊರೆಯಬೇಕೆಂಬುದು ಒತ್ತಡಕ್ಕೆ ಸೇರಿದ್ದು.

ಹೊರನೋಟಕ್ಕೆ ಒಂದೇ ಬಗೆಯ ಎರಡು ಪಂಪ್‌ಗಳಲ್ಲಿ ಈ ಎರಡೂ ಅಂಕಿಗಳು ಬೇರೆಬೇರೆಯಾಗಿರಬಹುದು. ದಪ್ಪ ಟೈರು ಹಾಕಿಸಿಕೊಂಡ ಹಳೆಯ ಜೀಪಿಗೆ ಮತ್ತೊಂದು ಪಂಪ್‌ನ ಹರಿವಿನ ವಾಲ್ವ್ ಕೂರಿಸಿದರೆ ಸ್ಟೀರಿಂಗ್ ಹಗುರವಾಗುವುದು ನಿಜ. ಆದರೆ ಅದೇ ಕೈಯಲ್ಲಿ ಹೆಚ್ಚಿನ ಒತ್ತಡದ ರಿಲೀಫ್ ವಾಲ್ವ್ ಕೂತರೆ ಹೋಸ್‌ಗಳು, ಸ್ಟೀರಿಂಗ್ ಬಾಕ್ಸಿನ ಸೀಲುಗಳು ತಾಳದೆ ಹೋಗಬಹುದು; ಎಣ್ಣೆ ಅತಿಯಾಗಿ ಕಾಯಬಹುದು. ರೋಟರ್, ರಿಂಗ್, ಪ್ರೆಷರ್ ಪ್ಲೇಟ್‌ಗಳು ಒಂದಕ್ಕೊಂದು ಒಗ್ಗಿ ಸವೆದಿರುತ್ತವೆ. ಒಂದನ್ನು ಮಾತ್ರ ಬದಲಿಸಿದರೆ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳಷ್ಟು ಹೆಚ್ಚಾದರೂ ಒತ್ತಡ ಸೋರುತ್ತದೆ. ಆದ್ದರಿಂದ ಪ್ರೆಷರ್ ಗೇಜ್ ಮತ್ತು ಹರಿವಿನ ಮಾಪಕವಿಲ್ಲದೆ ಕೈ ಅಂದಾಜಿನ ಮೇಲೆ ಹೊರಬೀಳುವ ಪಂಪ್ ಅರ್ಧ ಕೆಲಸವಾದ ಪಂಪ್ ಎಂದೇ ಭಾವಿಸಬೇಕು.

ಮರೆತುಹೋಗುವ ವೆಚ್ಚ

ಇನ್ನು ಬೆಲೆಯ ವಿಚಾರ. ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ವಿವರಿಸಬಹುದು. ಘಟಕವೊಂದು ಹಳೆಯ ಪಂಪ್‌ಗಳನ್ನು ತಲಾ 1,000 ರೂಪಾಯಿಯಂತೆ ಐದು ಖರೀದಿಸುತ್ತದೆ. ಬಿಚ್ಚಿ ನೋಡಿದಾಗ ಅವುಗಳಿಂದ ಎರಡು ಒಳ್ಳೆಯ ಪಂಪ್‌ಗಳಿಗೆ ಬೇಕಾಗುವಷ್ಟೇ ಭಾಗಗಳು ದೊರೆಯುತ್ತವೆ. ಉಳಿದದ್ದು ಗುಜರಿಗೆ 300 ರೂಪಾಯಿಗೆ ಹೋಗುತ್ತದೆ. ಪ್ರತಿ ಪಂಪ್‌ಗೆ ಸೀಲ್ ಮತ್ತು ಬೇರಿಂಗ್ 700, ಕೂಲಿ 600, ಎಣ್ಣೆ ಮತ್ತು ವಿದ್ಯುತ್ 150 ರೂಪಾಯಿ ತಗಲುತ್ತದೆ.

ಮಾಲೀಕರು ಸಾಮಾನ್ಯವಾಗಿ ಬಾಯಿಲೆಕ್ಕದಲ್ಲಿ ಹಳೆಯ ಪಂಪ್‌ಗೆ 1,000, ಮೇಲಿನ ಖರ್ಚು 1,450, ಒಟ್ಟು 2,450 ಎಂದು ಎಣಿಸುತ್ತಾರೆ. ಗಿರಾಕಿ ಚೌಕಾಸಿ ಮಾಡಿದಾಗ 3,500ಕ್ಕೆ ಒಪ್ಪಿ, ಸಾವಿರ ರೂಪಾಯಿ ಉಳಿಯಿತೆಂದು ಸಮಾಧಾನಪಡುತ್ತಾರೆ. ವಾಸ್ತವವಾಗಿ ಎರಡು ಪಂಪ್‌ಗಳು ಐದು ಪಂಪ್‌ಗಳ ಬೆಲೆಯನ್ನು ಹೊರಬೇಕಾಗಿದೆ. ಗುಜರಿ ಹಣ ಕಳೆದು ಉಳಿಯುವ 4,700 ರೂಪಾಯಿಯಲ್ಲಿ ಒಂದರ ಪಾಲು 2,350. ಖರ್ಚು ಸೇರಿ 3,800. ಹತ್ತರಲ್ಲಿ ಒಂದು ಪಂಪ್ ಮರಳಿ ಬಂದು ಸೀಲು, ಕೂಲಿಗಳು ಮತ್ತೊಮ್ಮೆ ತಗಲಿದರೆ ಪ್ರತಿ ಪಂಪ್‌ಗೆ ಇನ್ನೂ 130 ಸೇರಿ 3,930 ಆಗುತ್ತದೆ. ಬಾಡಿಗೆ, ಬಡ್ಡಿಗಳು ಈ ಲೆಕ್ಕಕ್ಕೆ ಇನ್ನೂ ಬಂದಿಲ್ಲ. ಲಾಭವೆಂದು ಎಣಿಸಿದ ವ್ಯವಹಾರದಲ್ಲಿ ಒಂದೊಂದು ಪಂಪ್‌ಗೂ 430 ರೂಪಾಯಿ ಕೈಬಿಡುತ್ತಿದೆ.

ಕೈಯಲ್ಲಿ ಸದಾ ಕೆಲಸವಿದ್ದರೂ ವರ್ಷದ ಕೊನೆಯಲ್ಲಿ ಹಣವಿಲ್ಲವೆಂಬ ಸಣ್ಣ ಘಟಕಗಳ ಅಳಲಿಗೆ ಇಂತಹ ಬಾಯಿಲೆಕ್ಕವೂ ಒಂದು ಕಾರಣ. ಯಾವ ಪಂಪ್‌ನ ಯಾವ ಭಾಗ ಎಲ್ಲಿಗೆ ಹೋಯಿತೆಂಬ ಸರಳ ದಾಸ್ತಾನು ಪುಸ್ತಕವಿದ್ದರೆ ಈ ಸೋರಿಕೆ ಮೊದಲ ತಿಂಗಳಲ್ಲೇ ಕಣ್ಣಿಗೆ ಬೀಳುತ್ತದೆ.

ತೆರಿಗೆಯ ಮೂರು ದಾರಿಗಳು

ಈ ಕೆಲಸ ಮೂರು ರೂಪಗಳಲ್ಲಿ ನಡೆಯುತ್ತದೆ. ಜಿಎಸ್‌ಟಿಯ ದೃಷ್ಟಿಯಲ್ಲಿ ಮೂರೂ ಬೇರೆಬೇರೆ. ಗಿರಾಕಿಯ ಪಂಪ್ ಅನ್ನೇ ಸರಿಪಡಿಸಿ ಅವನಿಗೇ ಮರಳಿಸುವುದು ಮೊದಲನೆಯದು. ವಾಹನಗಳ ಸರ್ವೀಸಿಂಗ್‌ನಲ್ಲಿ ಬಿಡಿಭಾಗ ಮತ್ತು ಕೂಲಿಗಳನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿದಲ್ಲಿ ಆಯಾ ದರದಲ್ಲಿ ತೆರಿಗೆ ಸಲ್ಲಬೇಕೆಂದು 2018ರ ಜೂನ್ 8ರ ಸುತ್ತೋಲೆ ಸ್ಪಷ್ಟಪಡಿಸಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆಲ್ಲ ಶೇ 18ರ ಏಕರೂಪ ದರ ಜಾರಿಗೆ ಬಂದ ಮೇಲೆ ಕೂಲಿಗೂ ಭಾಗಕ್ಕೂ ದರದ ವ್ಯತ್ಯಾಸವಿಲ್ಲ. ಬಿಲ್ಲನ್ನು ತಿರುಚಲು ಇದ್ದ ಆಕರ್ಷಣೆಯೂ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಎರಡನೆಯದು ವಿನಿಮಯ. ಹಳೆಯ ಪಂಪ್ ಪಡೆದು, ಸಿದ್ಧವಿರುವ ನವೀಕೃತ ಪಂಪ್ ಕೊಟ್ಟು, ವ್ಯತ್ಯಾಸದ ಹಣ ತೆಗೆದುಕೊಳ್ಳುವುದು. ಕೈಗೆ ಬಂದ ನಗದಿನ ಮೇಲೆ ಮಾತ್ರ ತೆರಿಗೆ ಎಂಬುದು ಇಲ್ಲಿಯ ಸಾಮಾನ್ಯ ತಪ್ಪು ತಿಳಿವಳಿಕೆ. ಸಿಜಿಎಸ್‌ಟಿ ನಿಯಮಾವಳಿಯ 27ನೇ ನಿಯಮದ ಪ್ರಕಾರ ಪ್ರತಿಫಲ ಪೂರ್ತಿ ಹಣದಲ್ಲಿಲ್ಲದಿದ್ದಾಗ ಮುಕ್ತ ಮಾರುಕಟ್ಟೆಯ ಬೆಲೆಯೇ ಆಧಾರ. ಹಳೆಯ ಫೋನ್ ಕೊಟ್ಟವನಿಗೆ 20,000ಕ್ಕೆ, ಕೊಡದವನಿಗೆ 24,000ಕ್ಕೆ ದೊರೆಯುವ ಹೊಸ ಫೋನಿನ ಬೆಲೆ 24,000 ಎಂದೇ ಎಣಿಸಬೇಕೆಂಬ ಉದಾಹರಣೆಯನ್ನು ನಿಯಮವೇ ನೀಡಿದೆ. ಪಂಪ್‌ಗೂ ಇದೇ ತರ್ಕ ಅನ್ವಯವಾಗುತ್ತದೆ.

ಮೂರನೆಯದು ನವೀಕೃತ ಪಂಪ್‌ನ ನೇರ ಮಾರಾಟ. ಬಳಸಿದ ವಸ್ತುಗಳ ವ್ಯಾಪಾರಿಗೆ, ಖರೀದಿಯ ಮೇಲೆ ಹೂಡುವಳಿ ತೆರಿಗೆ ಪಡೆಯದಿದ್ದಲ್ಲಿ, ಲಾಭಾಂಶದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ 32ನೇ ನಿಯಮದ 5ನೇ ಉಪನಿಯಮದಲ್ಲಿದೆ. ಆದರೆ ವಸ್ತುವನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆಯ ನಂತರ ಮಾರಿದಾಗ ಮಾತ್ರ ಆ ಅವಕಾಶ. ಎರಡು ಮೂರು ಪಂಪ್‌ಗಳ ಭಾಗಗಳಿಂದ ರೂಪುಗೊಂಡ ಪಂಪ್‌ಗೆ ಯಾವ ಖರೀದಿ ಬೆಲೆಯನ್ನು ತಾಳೆ ಹಾಕಬೇಕು? ಮಾರಿದ ವಸ್ತು ಕೊಂಡ ವಸ್ತುವೇ ಅಲ್ಲವಾದಾಗ ಈ ನಿಯಮದ ಆಶ್ರಯ ಪಡೆಯುವುದು ವಿವಾದವನ್ನು ಕರೆದು ಕೂರಿಸಿದಂತೆ. ಪೂರ್ಣ ಬೆಲೆಯ ಮೇಲೆ ತೆರಿಗೆ ಕಟ್ಟುವುದೇ ಕ್ಷೇಮ.

ಖರೀದಿ ಚೀಟಿಯ ಪದಗಳಿಗೂ ಬೆಲೆಯಿದೆ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕಾಗಿದೆ. ಉಪಯೋಗಕ್ಕೆ ಬರುವ ಹಳೆಯ ಪಂಪ್ ಕೊಂಡು ಚೀಟಿಯಲ್ಲಿ ‘ಕಬ್ಬಿಣದ ಗುಜರಿ’ ಎಂದು ಬರೆದರೆ ಇಲ್ಲದ ಹೊರೆಯನ್ನು ಕೈಯಾರೆ ಹೊತ್ತಂತಾಗುತ್ತದೆ.

ಹೊಣೆ ಯಾರದು?

ಬೆಲೆ, ತೆರಿಗೆಗಳಿಗಿಂತ ದೊಡ್ಡ ಪ್ರಶ್ನೆ ಸುರಕ್ಷತೆಯದು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಬೇರೆಯವರು ತಯಾರಿಸಿದ ಭಾಗಗಳನ್ನು ಜೋಡಿಸುವವರನ್ನೂ, ಮಾರಾಟಕ್ಕೆ ಮುನ್ನ ವಸ್ತುವನ್ನು ಮರುತಯಾರಿಸುವವರನ್ನೂ ‘ಉತ್ಪಾದಕ’ ಎಂದೇ ಪರಿಗಣಿಸುತ್ತದೆ. ದೋಷಪೂರಿತ ಉತ್ಪನ್ನದಿಂದಾದ ಹಾನಿಗೆ ಪರಿಹಾರ ಕೇಳುವ ಹಕ್ಕು ಗ್ರಾಹಕನಿಗಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಟ್ಯಾಕ್ಸಿ ಓಡಿಸುವ ಚಾಲಕನೂ ಈ ಅರ್ಥದಲ್ಲಿ ಗ್ರಾಹಕನೇ. ‘ರಿಪೇರಿ ಮಾಡಿದವರಷ್ಟೇ’ ಎಂಬ ಸಮರ್ಥನೆ ಪಂಪ್ ಜೋಡಿಸಿ ಮಾರಿದವರ ಬಾಯಲ್ಲಿ ನಿಲ್ಲುವುದು ಕಷ್ಟ.

ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 182-ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿಕೊಂಡ ವಾಹನ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮೂಲ ಅಳತೆಗೇ ಸರಿಪಡಿಸುವುದು ದುರಸ್ತಿ. ಮೂಲವನ್ನು ಮೀರಿ ಹೆಚ್ಚಿಸುವುದು ಮಾರ್ಪಾಡಿನ ಗಡಿಗೆ ಹತ್ತಿರ. ಈ ಗಡಿಯನ್ನು ಗಿರಾಕಿಗೆ ತಿಳಿಹೇಳುವುದು ಘಟಕದ ಕರ್ತವ್ಯ.

ಪ್ರಾಯೋಗಿಕ ಆಕ್ಷೇಪವೂ ಇಲ್ಲದಿಲ್ಲ. ಬಿಲ್ ಹಾಕಿದ ತಕ್ಷಣ ಬೆಲೆ ಶೇ 18ರಷ್ಟು ಏರುತ್ತದೆ, ಗಿರಾಕಿ ಕಚ್ಚಾ ಬಿಲ್ ಕೊಡುವ ಪಕ್ಕದ ಗ್ಯಾರೇಜಿಗೆ ಹೋಗುತ್ತಾನೆ ಎಂದು ಮಾಲೀಕರು ಹೇಳುತ್ತಾರೆ. ಈ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಪ್ರಾಮಾಣಿಕನಿಗೆ ಸ್ಪರ್ಧೆ ಕಠಿಣವೇ. ಆದರೆ ಕಚ್ಚಾ ಬಿಲ್ಲಿನ ಕಾಲ ಮುಗಿಯುತ್ತಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದ ಪ್ರಸಂಗ ಎಲ್ಲರ ನೆನಪಿನಲ್ಲಿದೆ. ಅಪಘಾತದ ನಂತರ ದಾಖಲೆಯಿಲ್ಲದ ಘಟಕ ತನ್ನ ಕೆಲಸ ಸರಿಯಿತ್ತೆಂದು ತೋರಿಸುವ ಬಗೆಯಾದರೂ ಯಾವುದು? ದಾಖಲೆ ತೆರಿಗೆಗಾಗಿ ಮಾತ್ರವಲ್ಲ, ಮಾಲೀಕನ ರಕ್ಷಣೆಗೂ ಬೇಕು.

ಮಾಡಬೇಕಾದ ಕಾರ್ಯ

ಒಂದು ಪುಟದ ಜಾಬ್ ಕಾರ್ಡ್ ಇದಕ್ಕೆ ಸಾಕು. ಪಂಪ್‌ಗೊಂದು ಕ್ರಮಸಂಖ್ಯೆ, ವಾಹನದ ಮಾದರಿ, ಭಾಗಗಳು ಯಾವ ಪಂಪ್‌ನಿಂದ ಬಂದವು, ಹೊಸದಾಗಿ ಹಾಕಿದ್ದೇನು, ಪರೀಕ್ಷೆಯಲ್ಲಿ ಕಂಡ ಹರಿವು ಮತ್ತು ಒತ್ತಡ, ಖಾತರಿಯ ಅವಧಿ, ಗಿರಾಕಿಯ ಸಹಿ. ಬಿಲ್ಲಿನ ಮೇಲೆ ‘ನವೀಕೃತ’ ಎಂಬ ಪದ ಎದ್ದು ಕಾಣಬೇಕು. ಬೇರೊಂದು ಕಂಪನಿಯ ಹೆಸರಿನ ಡಬ್ಬಿಯಲ್ಲಿ ಅದನ್ನು ಮಾರುವುದು ಯಾವ ಕಾರಣಕ್ಕೂ ಸಲ್ಲದು.

ಪರೀಕ್ಷಾ ಯಂತ್ರವನ್ನು ಪ್ರತಿ ಘಟಕವೂ ಕೊಳ್ಳುವುದು ಸಾಧ್ಯವಾಗದಿರಬಹುದು. ಕೆಂಗೇರಿ-ಕುಂಬಳಗೋಡು ಭಾಗದ ಘಟಕಗಳು ಒಂದಾಗಿ, ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರವನ್ನು ಪಡೆಯಲು ಯತ್ನಿಸಬಹುದು. ವಾಣಿಜ್ಯ ಸಂಘಗಳು ಇಂತಹ ಪ್ರಯತ್ನಕ್ಕೆ ಮುಂದಾಳತ್ವ ವಹಿಸುವುದು ಸೂಕ್ತ.

ತಯಾರಕರಿಗೂ ಪಾಲಿದೆ. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮಿಗಿಲಾದ ದಂಡ ವಿಧಿಸಿತ್ತು. ಪ್ರಕರಣ ಬಳಿಕ ಮೇಲ್ಮನವಿಯ ಹಂತಕ್ಕೆ ಹೋಯಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಆರಂಭಿಸಿದ ದುರಸ್ತಿ ಹಕ್ಕಿನ ಪೋರ್ಟಲ್‌ನ ವ್ಯಾಪ್ತಿಯಲ್ಲಿ ವಾಹನ ಕ್ಷೇತ್ರವೂ ಸೇರಿದೆ. ತಯಾರಿಕೆ ನಿಂತ ವಾಹನಗಳ ಪಂಪ್‌ಗಳ ಹರಿವು, ಒತ್ತಡ, ಅಳತೆಗಳನ್ನು ಬಹಿರಂಗಪಡಿಸುವುದರಿಂದ ಕಂಪನಿಗಳಿಗೆ ನಷ್ಟವೇನೂ ಇಲ್ಲ. ರಸ್ತೆಗೆ ಮಾತ್ರ ಲಾಭವಿದೆ.

ಹೊಸ ಕಾರುಗಳಲ್ಲಿ ವಿದ್ಯುತ್ ಚಾಲಿತ ಸ್ಟೀರಿಂಗ್ ಹೈಡ್ರಾಲಿಕ್ ಪಂಪ್‌ನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಆದರೂ ಲಾರಿ, ಬಸ್ಸು, ಹಳೆಯ ವಾಹನಗಳಿರುವವರೆಗೆ ಈ ಕಸುಬಿಗೆ ಬೇಡಿಕೆ ಇರುತ್ತದೆ. ಆ ಬೇಡಿಕೆ ಯಾರ ಪಾಲಾಗಬೇಕೆಂಬುದನ್ನು ಮುಂದಿನ ದಿನಗಳಲ್ಲಿ ಕೈಚಳಕವೊಂದೇ ತೀರ್ಮಾನಿಸುವುದಿಲ್ಲ. ಅಳತೆ ಮಾಡಿ, ಬರೆದಿಟ್ಟು, ಬಿಲ್ಲು ಕೊಟ್ಟು, ಖಾತರಿ ನಿಲ್ಲಿಸಿಕೊಡುವ ಘಟಕಕ್ಕೆ ಲಾರಿ ಮಾಲೀಕರೂ ಸಂಸ್ಥೆಗಳೂ ಹುಡುಕಿಕೊಂಡು ಬರುತ್ತಾರೆ. ತಲೆಮಾರಿನ ಅನುಭವವನ್ನು ಕೈಯಲ್ಲಿಟ್ಟುಕೊಂಡಿರುವ ಕೆಂಗೇರಿಯ ಕುಶಲಕರ್ಮಿಗಳಿಗೆ ಉಳಿದಿರುವುದು ಆ ಅನುಭವವನ್ನು ಕಾಗದಕ್ಕಿಳಿಸುವ ಕೆಲಸ ಮಾತ್ರ.